ಇಳಿಯುವಾಗ ಗೊತ್ತಾಗದ ದೂರ: ಮರುಭೂಮಿಯ ಕಮರಿಯಲ್ಲಿ ಒಂದು ಹಗಲು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಭಾಗದಲ್ಲಿ, ನಾನೂ ನನ್ನ ಗೆಳೆಯನೂ ತಿಂಡಿ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹತ್ತಿರದ ಕಮರಿಯೊಂದಕ್ಕೆ ಇಳಿದು ಬರುವುದೆಂದು ತೀರ್ಮಾನವಾಗಿಹೋಯಿತು. ಹಿಂದಿನ ರಾತ್ರಿ ಮಲಗುವಾಗ ಅಂಥ ಯೋಚನೆ ಇಬ್ಬರಿಗೂ ಇರಲಿಲ್ಲ. ನಕ್ಷೆಯಲ್ಲಿ ಅದು ಹೆಸರಿಲ್ಲದ ಒಂದು ಉಪಕಮರಿ; ಮಣ್ಣಿನ ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಬಂಡೆಗಳ ನಡುವಿನ ಒಣ ಹಳ್ಳದ ಪಾತ್ರವನ್ನೇ ಹಿಡಿದು ಐದು ಕಿಲೋಮೀಟರ್ ನಡೆದರೆ ಸುಮಾರು 300 ಮೀಟರ್ ಆಳಕ್ಕೆ ಇಳಿಯಬಹುದಾಗಿತ್ತು. ಇದ್ದಕ್ಕಿದ್ದಂತೆ ಹೊರಡುವ ಇಂಥ ನಡಿಗೆಗಳನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ನಾನು ಆ ಪಕ್ಷದವನಲ್ಲ. ತಿಂಗಳುಗಟ್ಟಲೆ ತಯಾರಿ ನಡೆಸಿದವರೂ ಕಮರಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಹೊರಟವರೂ ಸುಖವಾಗಿ ಮರಳಿದ್ದಾರೆ. ಆದರೆ ಆ ಅರ್ಧ ಗಂಟೆಯೊಳಗೆ ಯಾವ ಯಾವ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ಗೊತ್ತಿರಬೇಕು, ಮತ್ತು ಆ ಪ್ರಶ್ನೆಗಳು ಬೆಟ್ಟ ಹತ್ತುವವನು ಕೇಳಿಕೊಳ್ಳುವಂಥವಲ್ಲ.

ಕಮರಿಯನ್ನು ತಲೆಕೆಳಗಾದ ಬೆಟ್ಟವೆಂದು ಭಾವಿಸಿದರೆ ಅರ್ಧ ವಿಷಯ ಅರ್ಥವಾದಂತೆ. ಬೆಟ್ಟ ಹತ್ತುವವನಿಗೆ ಮೊದಲ ಗಂಟೆಯಲ್ಲೇ ಏದುಸಿರು ಬರುತ್ತದೆ, ತೊಡೆ ನೋಯುತ್ತದೆ, ತನ್ನ ತ್ರಾಣ ಎಷ್ಟೆಂಬುದು ಅವನಿಗೆ ತಾನಾಗಿ ತಿಳಿಯುತ್ತದೆ; ಸಾಕೆನಿಸಿದರೆ ತಿರುಗಿದರಾಯಿತು, ಉಳಿದದ್ದೆಲ್ಲ ಇಳಿಜಾರು. ಕಮರಿಗೆ ಇಳಿಯುವವನಿಗೆ ಈ ಎಚ್ಚರಿಕೆ ಸಿಗುವುದಿಲ್ಲ. ಮೈ ತಾಜಾ ಇರುವಾಗ, ಬಿಸಿಲು ಏರದಿರುವಾಗ, ಭೂಮಿಯೇ ಅವನನ್ನು ಕೆಳಕ್ಕೆ ಸೆಳೆದುಕೊಳ್ಳುತ್ತದೆ, ಮತ್ತು ಅತ್ಯಂತ ಕಷ್ಟದ ಭಾಗವು ದಿನದ ಅತ್ಯಂತ ಬಿಸಿಯಾದ ಹೊತ್ತಿಗೆ, ನೀರು ಅತ್ಯಂತ ಕಡಿಮೆ ಉಳಿದಿರುವಾಗ ಎದುರಾಗುತ್ತದೆ. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ದಕ್ಷಿಣ ಅಂಚಿನಿಂದ ಕೊಲರಾಡೋ ನದಿಯವರೆಗೆ ಹೋಗುವ ಬ್ರೈಟ್ ಏಂಜಲ್ ಜಾಡು ಸುಮಾರು 15 ಕಿಲೋಮೀಟರ್ ಉದ್ದವಿದ್ದು 1,300 ಮೀಟರಿಗೂ ಹೆಚ್ಚು ಇಳಿಯುತ್ತದೆ. ನದಿಗೆ ಇಳಿದು ಅದೇ ದಿನ ಮರಳಿ ಹತ್ತುವ ಸಾಹಸ ಬೇಡವೆಂದು ಅಲ್ಲಿನ ಉದ್ಯಾನದವರು ಪದೇ ಪದೇ ಹೇಳುತ್ತಾರೆ. ಆದರೂ ಪ್ರತಿ ವರ್ಷ ನೂರಾರು ಜನರನ್ನು ಆ ಕಮರಿಯಿಂದ ರಕ್ಷಿಸಿ ಮೇಲೆ ತರಬೇಕಾಗುತ್ತದೆ. ಅವರಲ್ಲಿ ಅನೇಕರು ಬಲಹೀನರೇನಲ್ಲ, ಇಳಿಯುವಾಗಿನ ಸುಖವನ್ನು ನಂಬಿ ಹತ್ತುವ ಹೊತ್ತನ್ನು ಅಂದಾಜಿಸಿದವರು.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದಂತೆ, ಸಮತಟ್ಟಿನಲ್ಲಿ ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಕೂಡಿಸಬೇಕು. ನಮ್ಮ ಕಮರಿಗೆ ಇದನ್ನು ಅನ್ವಯಿಸಿದರೆ ಮರಳುವ ದಾರಿಗೆ ಒಂದೂವರೆ ಗಂಟೆ ಸಾಕೆಂದು ಬರುತ್ತದೆ. ಆದರೆ ನೈಸ್ಮಿತ್ ನಡೆದದ್ದು ತಂಪು ನಾಡಿನ ಗಟ್ಟಿ ನೆಲದ ಮೇಲೆ. ಹಳ್ಳದ ಪಾತ್ರದ ಸಡಿಲ ಮರಳಿನಲ್ಲಿ ಪ್ರತಿ ಹೆಜ್ಜೆಯೂ ಸ್ವಲ್ಪ ಹಿಂದಕ್ಕೆ ಜಾರುತ್ತದೆ, ಗುಂಡುಗಲ್ಲುಗಳ ಮೇಲೆ ಕಾಲಿಡುವಾಗ ಕಣ್ಣು ನೆಲದಿಂದ ಕೀಳುವಂತಿಲ್ಲ, ಬಂಡೆಗಳನ್ನು ಏರಿ ಇಳಿಯಲು ಕೈಯೂ ಬೇಕು; ಆದ್ದರಿಂದ ಆ ಅಂಕಿಯನ್ನು ದುಪ್ಪಟ್ಟು ಮಾಡುವುದು ವಿವೇಕ. ಇದಕ್ಕಿಂತ ಸರಳವಾದ ಇನ್ನೊಂದು ಕ್ರಮ ನನಗೆ ಇಷ್ಟ: ಇರುವ ಹೊತ್ತನ್ನು ಮೂರು ಪಾಲು ಮಾಡಿ, ಒಂದು ಪಾಲು ಇಳಿಯಲು, ಎರಡು ಪಾಲು ಹತ್ತಲು. ನಾವು ಹತ್ತು ಗಂಟೆಗೆ ಹೊರಟೆವು, ನಾಲ್ಕಕ್ಕೆ ಕಾರಿನ ಬಳಿ ಇರಬೇಕೆಂದು ಬಯಸಿದೆವು; ಆದ್ದರಿಂದ ಎಲ್ಲೇ ಇರಲಿ, ಹನ್ನೆರಡಕ್ಕೆ ಹಿಂದಿರುಗುವುದೆಂದು ಕಾರಿನ ಬಾಗಿಲು ಹಾಕುವ ಮುಂಚೆಯೇ ಮಾತಾಯಿತು. ಇದನ್ನು ಮೇಲೆಯೇ ನಿರ್ಧರಿಸಬೇಕು, ಏಕೆಂದರೆ ಕೆಳಗೆ ಹೋದ ಮೇಲೆ ಮುಂದಿನ ತಿರುವು ಯಾವಾಗಲೂ ಹಿಂದಿನದಕ್ಕಿಂತ ಚೆನ್ನಾಗಿರುತ್ತದೆ.

ಇನ್ನು ನೀರು. ಮರುಭೂಮಿಯ ನಡಿಗೆಯ ಬಗ್ಗೆ ಬರೆದವರೆಲ್ಲ ನೀರಿನ ಬಗ್ಗೆ ಬರೆದಿದ್ದಾರೆ, ಆದರೆ ನೀರು ಏಕೆ ಅಷ್ಟು ಖರ್ಚಾಗುತ್ತದೆ ಎಂಬುದನ್ನು ವಿವರಿಸುವವರು ಕಡಿಮೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಂಪಾಗಿರುವವರೆಗೆ ದೇಹದ ಶಾಖ ತಾನಾಗಿ ಹೊರಹೋಗುತ್ತಿರುತ್ತದೆ. ಗಾಳಿ 35 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆ ದಾರಿ ಮುಚ್ಚಿಹೋಗಿ, ಬೆವರು ಆವಿಯಾಗುವುದೊಂದೇ ಉಳಿದ ಉಪಾಯ. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ಅಷ್ಟೇ ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ದೇಹದ ಈ ತಂಪುಯಂತ್ರ ಅದ್ಭುತವಾದದ್ದೇ, ಆದರೆ ಅದರ ಇಂಧನ ನೀರು, ಮತ್ತು ಬಿಸಿಲಿನಲ್ಲಿ ಹತ್ತುವಾಗ ಗಂಟೆಗೆ ಒಂದು ಲೀಟರಿನಷ್ಟು ಖರ್ಚಾಗುವುದು ಅಸಾಮಾನ್ಯವೇನಲ್ಲ. ಒಣಹವೆಯ ಮೋಸವೆಂದರೆ ಈ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಸೆಕೆಯ ಊರಿನಲ್ಲಿ ಬೆವರು ಹರಿದು ಅಂಗಿ ಅಂಟಿಕೊಳ್ಳುತ್ತದೆ. ಇಲ್ಲಿ ಅದು ಚರ್ಮದಿಂದ ಹೊರಬಂದ ಕ್ಷಣವೇ ಆರಿಹೋಗಿ, ಟೋಪಿಯ ಅಂಚಿನಲ್ಲಿ ಉಪ್ಪಿನ ಬಿಳಿಗೆರೆಯನ್ನು ಮಾತ್ರ ಉಳಿಸುತ್ತದೆ. ನಾನು ಬೆವರುತ್ತಲೇ ಇಲ್ಲ ಎಂದು ಗೆಳೆಯ ಹೆಮ್ಮೆಯಿಂದ ಹೇಳಿದಾಗ ಅವನ ಬೆನ್ನಚೀಲದ ಪಟ್ಟಿಯ ಮೇಲೆ ಆ ಗೆರೆ ಬೆರಳಗಲವಾಗಿತ್ತು.

ಆಳಕ್ಕೆ ಇಳಿದಂತೆ ತಂಪಾಗುತ್ತದೆಂಬ ಊಹೆಯೂ ತಪ್ಪು. ಬಾವಿಯನ್ನೋ ನೆಲಮಾಳಿಗೆಯನ್ನೋ ನೆನೆದು ನಾವು ಹಾಗೆ ಯೋಚಿಸುತ್ತೇವೆ. ಒಣಗಾಳಿಯು ಪ್ರತಿ 100 ಮೀಟರ್ ಕೆಳಕ್ಕಿಳಿದಂತೆ ಮೇಲಿನ ಗಾಳಿಯ ಭಾರಕ್ಕೆ ಒತ್ತಲ್ಪಟ್ಟು ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿ ಹಿತವಾದ 28 ಡಿಗ್ರಿ ಇದ್ದ ದಿನ ನದಿಯ ದಡದಲ್ಲಿ 40 ದಾಟಿರುವುದು ಈ ಕಾರಣಕ್ಕೆ. ಇದರ ಮೇಲೆ ಬಂಡೆಗೋಡೆಗಳು ಮಧ್ಯಾಹ್ನವೆಲ್ಲ ಬಿಸಿಲು ಕುಡಿದು, ನೆರಳು ಬಿದ್ದ ಮೇಲೂ ಆರಿಸಿದ ಒಲೆಯಂತೆ ಶಾಖ ಹೊರಸೂಸುತ್ತಿರುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹತ್ತುವ ಕೆಲಸ ಬೇಡ, ನೆರಳಿನಲ್ಲಿ ಕುಳಿತಿರಿ ಎಂದು ಅಲ್ಲಿ ಹೇಳುವುದರಲ್ಲಿ ಅತಿಶಯವಿಲ್ಲ. ನಾವು ಹತ್ತಕ್ಕೆ ಹೊರಡಲು ಸಾಧ್ಯವಾದದ್ದು ಏಪ್ರಿಲ್ ತಿಂಗಳಾದ್ದರಿಂದ, ಅಂಚಿನಲ್ಲಿ 20 ಡಿಗ್ರಿಯ ಆಸುಪಾಸಿದ್ದುದರಿಂದ. ಅದೇ ಯೋಚನೆ ಜುಲೈಯಲ್ಲಿ ಹೊಳೆದಿದ್ದರೆ ಬೆಳಗಿನ ಐದಕ್ಕೇ ನಡೆಯಬೇಕಿತ್ತು ಅಥವಾ ತಿಂಡಿಯ ನಂತರ ಮನೆಯಲ್ಲೇ ಉಳಿಯಬೇಕಿತ್ತು.

ಹಾಗೆಂದು ನೀರನ್ನು ಹೊಟ್ಟೆಬಿರಿಯೆ ಕುಡಿಯುವುದು ಪರಿಹಾರವಲ್ಲ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಏನನ್ನೂ ತಿನ್ನದೆ ಬರಿ ನೀರನ್ನೇ ಲೀಟರುಗಟ್ಟಲೆ ಕುಡಿಯುತ್ತ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ, ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದು, ತಲೆನೋವು, ವಾಕರಿಕೆ, ಗೊಂದಲ ತೋರುತ್ತವೆ. ಇದಕ್ಕೆ ವೈದ್ಯರು ಹೈಪೊನೇಟ್ರಿಮಿಯಾ ಎನ್ನುತ್ತಾರೆ. ಅಪಾಯವೇನೆಂದರೆ ಬಿಸಿಲಿನಿಂದ ಬಳಲಿದವನಲ್ಲೂ ಇವೇ ಲಕ್ಷಣಗಳು ಇರುತ್ತವೆ, ಮತ್ತು ಜೊತೆಗಿದ್ದವನು ಒಳ್ಳೆಯ ಮನಸ್ಸಿನಿಂದ ಇನ್ನೂ ನೀರು ಕುಡಿಸುತ್ತಾನೆ. ಈ ಎರಡರಲ್ಲಿ ಭೇದ ತಿಳಿಯಲು ಒಂದು ಸುಳಿವೆಂದರೆ ಬಳಲಿದವನು ಹಿಂದಿನ ಎರಡು ಗಂಟೆಗಳಲ್ಲಿ ಎಷ್ಟು ಕುಡಿದ, ಏನು ತಿಂದ, ಎಷ್ಟು ಬಾರಿ ಮೂತ್ರಕ್ಕೆ ಹೋದ ಎಂಬುದು. ಅದು ಗೊತ್ತಿರುವುದು ಜೊತೆಯಲ್ಲಿ ನಡೆದವನಿಗೆ ಮಾತ್ರ. ಬಾಯಾರಿದಾಗ ಕುಡಿಯುವುದು, ಕುಡಿದಾಗಲೆಲ್ಲ ಉಪ್ಪಿರುವ ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವುದು, ಇಷ್ಟಿದ್ದರೆ ಹೆಚ್ಚಿನವರಿಗೆ ಸಾಕು. ನಡೆಯುತ್ತಿದ್ದವನು ಎಡವತೊಡಗಿ, ಅಸಂಬದ್ಧವಾಗಿ ಮಾತನಾಡಿದನೆಂದರೆ ಅವನಿಗೆ ಬೆವರು ಬರುತ್ತಿದ್ದರೂ ಅದು ಉಷ್ಣಾಘಾತವಿರಬಹುದು. ನೆರಳಿಗೆ ತಂದು, ಬಟ್ಟೆ ಒದ್ದೆ ಮಾಡಿ, ಗಾಳಿ ಹಾಕುತ್ತ ಮೈ ತಣಿಸುವುದು ಆಗಿನ ಮೊದಲ ಕೆಲಸ. ಆ ಹೊತ್ತಿನಲ್ಲಿ ನೀರನ್ನು ಮಿತವಾಗಿ ಬಳಸಬೇಕೆಂಬ ಲೆಕ್ಕಾಚಾರ ಸಲ್ಲದು.

ಮೊದಲ ಒಂದು ಗಂಟೆ ನಾವು ಅಗಲವಾದ ಪಾತ್ರದಲ್ಲಿ ನಡೆದೆವು. ದಡದ ಮಣ್ಣಿನ ಮೇಲೆ ಸುಟ್ಟ ರೊಟ್ಟಿಯ ತಳದಂತೆ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಪೊರೆಯಿತ್ತು. ಅದು ಸಯನೋಬ್ಯಾಕ್ಟೀರಿಯ ಎಂಬ ಸೂಕ್ಷ್ಮಾಣುಗಳು, ಪಾಚಿ, ಕಲ್ಲುಹೂವುಗಳು ಮರಳಿನ ಕಣಗಳನ್ನು ಹೆಣೆದು ಮಾಡಿಕೊಂಡ ಜೀವಂತ ಹೊದಿಕೆ; ಗಾಳಿಗೆ ಮಣ್ಣು ಹಾರದಂತೆ ತಡೆಯುವುದು ಅದೇ, ಮತ್ತು ಒಂದು ಹೆಜ್ಜೆಗೆ ಪುಡಿಯಾದದ್ದು ಕೂಡಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ. ಆದ್ದರಿಂದ ಅಡ್ಡದಾರಿ ಹಿಡಿಯದೆ ಮರಳಿನ ಪಾತ್ರದಲ್ಲೇ ನಡೆಯಬೇಕು. ಎಲ್ಲೋ ಮೇಲೆ ಕ್ಯಾನ್ಯನ್ ರೆನ್ ಎಂಬ ಪುಟ್ಟ ಹಕ್ಕಿ ಕೂಗುತ್ತಿತ್ತು. ಮೇಲಿನ ಸ್ವರದಿಂದ ಹೊರಟು ಮೆಟ್ಟಿಲಿಳಿದಂತೆ ಕೆಳಕೆಳಕ್ಕೆ ಬರುವ ಅದರ ದನಿ ಅವರೋಹಣವನ್ನಷ್ಟೇ ಕಲಿತ ವಿದ್ಯಾರ್ಥಿಯದ್ದು ಎಂದು ಗೆಳೆಯ ನಕ್ಕ.

ಆಮೇಲೆ ಗೋಡೆಗಳು ಹತ್ತಿರ ಬಂದವು. ಒಂದು ಕಡೆ ಎರಡೂ ಕೈ ಚಾಚಿದರೆ ಎರಡೂ ಬದಿಯ ಕಲ್ಲು ತಾಗುತ್ತಿತ್ತು. ಅಲ್ಲಿ ನಿಂತು ಮೇಲೆ ನೋಡಿದೆ. ನನ್ನ ತಲೆಯಿಂದ ಎರಡಾಳು ಎತ್ತರದಲ್ಲಿ ಒಂದು ಮರದ ದಿಮ್ಮಿ, ತೊಗಟೆ ಸುಲಿದು ಬೆಳ್ಳಗಾದದ್ದು, ಎರಡು ಗೋಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದರ ಒಂದು ತುದಿಗೆ ಒಣಹುಲ್ಲು, ಚಿಕ್ಕ ಕಡ್ಡಿಗಳು, ಕೆಂಪು ಕೆಸರಿನ ಹೆಪ್ಪು. ಯಾರೂ ಅದನ್ನು ಅಲ್ಲಿಟ್ಟಿರಲಿಲ್ಲ. ಯಾವುದೋ ಒಂದು ದಿನ ಅಷ್ಟೆತ್ತರಕ್ಕೆ ನೀರು ಹರಿದಿತ್ತು.

ಈ ಇಕ್ಕಟ್ಟಿನ ಕಮರಿಗಳು ಹುಟ್ಟುವ ಬಗೆಯಲ್ಲೇ ಅವುಗಳ ಅಪಾಯವೂ ಅಡಗಿದೆ. ನಾವಿದ್ದ ಕೊಲರಾಡೋ ಪ್ರಸ್ಥಭೂಮಿಯ ಬಹುಪಾಲು ಕೆಂಪು ಗೋಡೆಗಳು ಮರಳುಗಲ್ಲಿನವು. ಅವುಗಳಲ್ಲಿ ಪ್ರಸಿದ್ಧವಾದ ನವಾಹೋ ಮರಳುಗಲ್ಲು ಸುಮಾರು 18 ಕೋಟಿ ವರ್ಷಗಳ ಹಿಂದೆ ವಿಶಾಲ ಮರುಭೂಮಿಯೊಂದರ ಮರಳುದಿಬ್ಬವಾಗಿತ್ತು. ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ಕತ್ತರಿಸುವ ಗೆರೆಗಳು ಅಂದಿನ ಗಾಳಿ ದಿಬ್ಬಗಳನ್ನು ಸರಿಸಿದ ಗುರುತು, ಕೆಂಪು ಬಣ್ಣ ಕಬ್ಬಿಣದ ತುಕ್ಕು. ಭೂಮಿ ಮೇಲೆದ್ದಂತೆ ಈ ಬಂಡೆಗಳಲ್ಲಿ ನೆಟ್ಟಗಿನ ಬಿರುಕುಗಳು ಮೂಡಿದವು. ಮಳೆ ಬಿದ್ದಾಗ ನೀರು ಬಿರುಕಿಗೆ ನುಗ್ಗುತ್ತದೆ, ನೀರಿನಲ್ಲಿ ತೇಲಿಬಂದ ಮರಳು ಉಪ್ಪುಕಾಗದದಂತೆ ತಳವನ್ನು ತೇಯುತ್ತದೆ. ಮಳೆ ಅಪರೂಪವಾದ್ದರಿಂದ ಬದಿಗಳು ಸವೆದು ಅಗಲವಾಗುವುದು ನಿಧಾನ, ತಳ ಕೊರೆಯುವುದು ಬೇಗ. ಆದ್ದರಿಂದ ಕಮರಿ ಆಳವಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಝಯಾನ್ ರಾಷ್ಟ್ರೀಯ ಉದ್ಯಾನದ ನ್ಯಾರೋಸ್ ಎಂಬಲ್ಲಿ 300 ಮೀಟರ್ ಎತ್ತರದ ಗೋಡೆಗಳ ನಡುವೆ ನದಿ ಕೆಲವೆಡೆ 6ರಿಂದ 9 ಮೀಟರ್ ಅಗಲವಷ್ಟೇ ಇದೆ. ಅಂದರೆ ನಾವು ನಡೆಯಲು ಹೋಗುವ ಈ ಸುಂದರ ಓಣಿಯನ್ನು ಮಾಡಿದ್ದು ಪ್ರವಾಹ, ಮತ್ತು ಪ್ರವಾಹದ ಕೆಲಸ ಇನ್ನೂ ಮುಗಿದಿಲ್ಲ.

ಮರುಭೂಮಿಯಲ್ಲಿ ಪ್ರವಾಹವೆಂದರೆ ನಂಬಲಾಗದಂತೆ ಕೇಳಿಸುತ್ತದೆ, ಆದರೆ ಗಣಿತ ಸುಲಭ. ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಜಲಾನಯನ ಪ್ರದೇಶ 50 ಚದರ ಕಿಲೋಮೀಟರ್ ಇದ್ದು, ಗುಡುಗುಮಳೆಯೊಂದು ಅರ್ಧ ಗಂಟೆಯಲ್ಲಿ 10 ಮಿಲಿಮೀಟರ್ ಸುರಿಸಿದರೆ 50 ಕೋಟಿ ಲೀಟರ್. ಕಾಡಿನ ನೆಲವಾಗಿದ್ದರೆ ಎಲೆಗೊಬ್ಬರ, ಬೇರು, ಮಣ್ಣು ಅದರಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುತ್ತಿದ್ದವು. ಬೋಳು ಬಂಡೆ ಏನನ್ನೂ ಹೀರುವುದಿಲ್ಲ. ನೀರೆಲ್ಲ ಹಳ್ಳಗಳಿಗೆ, ಹಳ್ಳಗಳೆಲ್ಲ ಕಮರಿಗೆ, ಕಮರಿ ಒಂದೆರಡು ಮೀಟರ್ ಅಗಲದ ಓಣಿಗೆ ಬಂದು ಸೇರುವಾಗ ಆಲಿಕೆಯ ಮೂತಿಯಲ್ಲಿ ನಾವು ನಿಂತಂತೆ ಆಗುತ್ತದೆ. ಹರಿವಿನ ವೇಗ ಎರಡರಷ್ಟಾದರೆ ಅದು ಮೈಮೇಲೆ ಒತ್ತುವ ಬಲ ನಾಲ್ಕರಷ್ಟಾಗುತ್ತದೆ; ಮೊಣಕಾಲಿಗೂ ಬಾರದ ರಭಸದ ನೀರು ದೊಡ್ಡವರನ್ನೂ ಬೀಳಿಸಬಲ್ಲದು. ಹಾಗೆ ಬರುವ ನೀರು ಬರಿ ನೀರೂ ಅಲ್ಲ, ಅದರ ಮುಂಭಾಗದಲ್ಲಿ ದಿಮ್ಮಿ, ಕಲ್ಲು, ಕೆಸರು ಉರುಳಿಕೊಂಡು ಬರುತ್ತಿರುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಆ ಮಳೆ ನಮ್ಮ ತಲೆಯ ಮೇಲೆ ಬೀಳಬೇಕಿಲ್ಲ. 1997ರ ಆಗಸ್ಟ್ 12ರಂದು ಅರಿಜೋನಾದ ಕೆಳ ಆಂಟಲೋಪ್ ಕಮರಿಯಲ್ಲಿ 11 ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಾರ್ಗದರ್ಶಿ ಒಬ್ಬನೇ ಬದುಕುಳಿದ. ಆ ದಿನ ಕಮರಿಯ ಬಳಿ ಮಳೆ ಬಿದ್ದದ್ದು ಅತ್ಯಲ್ಪ. ಗುಡುಗುಮಳೆ ಸುರಿದದ್ದು ಹಲವಾರು ಕಿಲೋಮೀಟರ್ ಮೇಲೆ, ಅವರ ಕಣ್ಣಿಗೆ ಕಾಣದ ಕಡೆ. 2015ರ ಸೆಪ್ಟೆಂಬರ್ 14ರಂದು ಝಯಾನ್‌ನ ಕೀಹೋಲ್ ಕಮರಿಯಲ್ಲಿ ಏಳು ಜನ ಇದೇ ರೀತಿ ಕೊಚ್ಚಿಹೋದರು. ಇದು ಅಮೆರಿಕದ ಮಾತಷ್ಟೇ ಅಲ್ಲ. ಜೋರ್ಡಾನಿನ ಪೆಟ್ರಾ ನಗರಕ್ಕೆ ಹೋಗುವ ಸಿಕ್ ಎಂಬ ಕಲ್ಲೋಣಿಯಲ್ಲಿ 1963ರಲ್ಲಿ 20ಕ್ಕೂ ಹೆಚ್ಚು ಪ್ರವಾಸಿಗರು ಪ್ರವಾಹದಲ್ಲಿ ಸತ್ತರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಬಾಳಿದ ನಬಾಟಿಯನ್ನರು ಓಣಿಯ ಬಾಯಿಗೆ ಒಡ್ಡು ಕಟ್ಟಿ, ಪಕ್ಕದ ಬೆಟ್ಟದಲ್ಲಿ ಸುರಂಗ ಕೊರೆದು, ನೀರನ್ನು ಬೇರೆ ಕಡೆ ತಿರುಗಿಸಿದ್ದರು. ಕಾಲಾಂತರದಲ್ಲಿ ಆ ಒಡ್ಡು ಹಾಳಾಗಿತ್ತು. ದುರಂತದ ನಂತರ ಹೊಸ ಅಣೆ ಕಟ್ಟಿದಾಗ ಆಧುನಿಕ ಎಂಜಿನಿಯರುಗಳು ಮಾಡಿದ್ದು ಹಳಬರ ಉಪಾಯವನ್ನೇ.

ಹೀಗಾಗಿ ಕಮರಿಗೆ ಹೊರಡುವವನು ನೋಡಬೇಕಾದ ಹವಾಮಾನ ಮುನ್ಸೂಚನೆ ತಾನಿರುವ ಜಾಗದ್ದಲ್ಲ, ತನ್ನ ಕಮರಿಗೆ ನೀರು ಎಲ್ಲೆಲ್ಲಿಂದ ಬರುತ್ತದೋ ಅಲ್ಲಿನದು. ನಕ್ಷೆಯಲ್ಲಿ ಕಮರಿಯ ಗೆರೆಯ ಮೇಲೆ ಬೆರಳಿಟ್ಟು ಮೇಲ್ಮುಖವಾಗಿ ಹೋಗುತ್ತ, ಸೇರುವ ಪ್ರತಿ ಕವಲಿನ ಮೂಲವನ್ನು ಮುಟ್ಟಿ ಬಂದರೆ ಆ ಪ್ರದೇಶದ ಅಂದಾಜು ಐದು ನಿಮಿಷದಲ್ಲಿ ಸಿಗುತ್ತದೆ. ಝಯಾನ್‌ನಂಥ ಉದ್ಯಾನಗಳ ವ್ಯಾಪ್ತಿಗೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ಪ್ರತಿದಿನದ ಪ್ರವಾಹ ಸಾಧ್ಯತೆಯನ್ನು ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತದೆ. ಅಮೆರಿಕದ ನೈಋತ್ಯದಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಅವರದೇ ಒಂದು ಮುಂಗಾರು ಇದೆ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿದ್ದು ಮಧ್ಯಾಹ್ನಕ್ಕೆ ಗುಡುಗುವುದು ಅದರ ಲಕ್ಷಣ, ಮತ್ತು ಇಕ್ಕಟ್ಟಿನ ತಳದಿಂದ ಕಾಣುವುದು ಆಕಾಶದ ಒಂದು ಸೀಳು ಮಾತ್ರ. ಆ ತಿಂಗಳುಗಳಲ್ಲಿ ತಿಂಡಿಯ ಹೊತ್ತಿನ ಹುರುಪಿಗೆ ಕಮರಿ ತಕ್ಕ ಜಾಗವಲ್ಲ ಎಂದೇ ನನ್ನ ಅಭಿಪ್ರಾಯ. ಒಳಗಿರುವಾಗ ತಿಳಿನೀರು ಕೆಂಪಾದರೆ, ಕಡ್ಡಿಕಸ ತೇಲಿ ಬಂದರೆ, ಗಾಳಿಯೇ ಇಲ್ಲದ ಕಡೆ ಇದ್ದಕ್ಕಿದ್ದಂತೆ ಗಾಳಿ ಬೀಸಿದರೆ, ದೂರದಲ್ಲಿ ರೈಲು ಬರುವಂಥ ಸದ್ದಾದರೆ ಸಾಮಾನು ಎತ್ತಿಕೊಳ್ಳುವ ಗೊಡವೆ ಬಿಟ್ಟು ಮೇಲೆ ಹತ್ತಬೇಕು. ನೀರಿನ ಜೊತೆ ಓಡಿ ಗೆಲ್ಲಲಾಗದು.

ದಿಮ್ಮಿ ದಾಟಿ ಅರ್ಧ ಗಂಟೆ ನಡೆದ ಮೇಲೆ, ಹನ್ನೊಂದೂ ಮುಕ್ಕಾಲರ ಸುಮಾರಿಗೆ, ಪಾತ್ರ ಇದ್ದಕ್ಕಿದ್ದಂತೆ ಕಡಿದುಹೋಯಿತು. ಮಳೆಯಲ್ಲಿ ಜಲಪಾತವಾಗುವ, ಈಗ ಒಣಗಿದ ಒಂದು ದುಮುಕು. ಆಳ ಎರಡೂವರೆ ಮೀಟರ್ ಇದ್ದೀತು. ಕೆಳಗೆ ಮೆತ್ತನೆಯ ಮರಳು. ಕುಳಿತು ಜಾರಿದರೆ ಮುಗಿಯಿತು ಎಂದ ಗೆಳೆಯ. ಜಾರಬಹುದಿತ್ತು, ನಿಜ. ಆದರೆ ನೀರು ಉಜ್ಜಿ ಉಜ್ಜಿ ಆ ಕಲ್ಲು ಗಾಜಿನಂತಾಗಿತ್ತು, ಬೆರಳಿಡಲು ಒಂದು ಗೀರೂ ಇರಲಿಲ್ಲ, ಮರಳಿನಲ್ಲಿ ನಿಂತು ಕೈ ಚಾಚಿದರೆ ಅಂಚು ಸಿಗುತ್ತಿರಲಿಲ್ಲ. ಕಮರಿಯ ಕರಾರು ಕಠಿಣ: ಜಾರುವುದು ಯಾರಿಗೂ ಬರುತ್ತದೆ, ಅದೇ ಜಾಗದಲ್ಲಿ ಹತ್ತುವುದು ಬರಬೇಕೆಂದಿಲ್ಲ, ಅಂಥ ಎರಡು ದುಮುಕುಗಳ ನಡುವೆ ಸಿಕ್ಕಿಕೊಂಡರೆ ಮೇಲಕ್ಕೂ ದಾರಿಯಿಲ್ಲ, ಕೆಳಕ್ಕೂ ದಾರಿಯಿಲ್ಲ. ಹಗ್ಗದ ವಿದ್ಯೆ ಗೊತ್ತಿಲ್ಲದವರಿಗೆ ಇರುವ ನಿಯಮ ಒಂದೇ: ಮರಳಿ ಹತ್ತಿ ತೋರಿಸಲಾಗದ ಜಾಗದಿಂದ ಇಳಿಯಬಾರದು. ಹಾರುವುದಂತೂ ಬೇಡವೇ ಬೇಡ, ಉಳುಕಿದ ಒಂದು ಕಾಲು ನಾಲ್ಕು ಗಂಟೆಯ ದಾರಿಯನ್ನು ಹದಿನಾಲ್ಕು ಗಂಟೆಯದಾಗಿಸುತ್ತದೆ.

ಇಲ್ಲಿ ಇಬ್ಬರು ಎಂಬ ಸಂಖ್ಯೆಯ ಬಗ್ಗೆ ಹೇಳಬೇಕು. ಜೊತೆಯಲ್ಲಿ ಒಬ್ಬರಿರುವುದು ಸುರಕ್ಷಿತವೆಂಬುದು ಸಾಮಾನ್ಯ ನಂಬಿಕೆ, ಮತ್ತು ಅದು ಬಹುಮಟ್ಟಿಗೆ ಸರಿ. ಆದರೆ ಇಬ್ಬರಿದ್ದಾಗ ಹುಟ್ಟುವ ಒಂದು ತೊಡಕು ಒಬ್ಬನೇ ಇದ್ದಾಗ ಇರುವುದಿಲ್ಲ. ಅಮೆರಿಕದ ಆಡಳಿತಶಾಸ್ತ್ರಜ್ಞ ಜೆರ್ರಿ ಹಾರ್ವೆ 1974ರಲ್ಲಿ ಅದನ್ನು ತನ್ನ ಮನೆಯ ಕಥೆಯಿಂದಲೇ ವಿವರಿಸಿದ್ದಾನೆ. ಟೆಕ್ಸಸ್ಸಿನ ಸುಡುಬಿಸಿಲಿನ ಮಧ್ಯಾಹ್ನ ಮಾವ ಅಬಿಲೀನ್ ಪಟ್ಟಣಕ್ಕೆ ಊಟಕ್ಕೆ ಹೋಗೋಣವೇ ಎಂದು ಕೇಳುತ್ತಾರೆ. ಉಳಿದವರು ಹೂಂ ಎನ್ನುತ್ತಾರೆ. ಹವಾನಿಯಂತ್ರಣವಿಲ್ಲದ ಕಾರಿನಲ್ಲಿ ಸುಮಾರು 85 ಕಿಲೋಮೀಟರ್ ಹೋಗಿ, ಕೆಟ್ಟ ಊಟ ಮಾಡಿ, ಅಷ್ಟೇ ದೂರ ಮರಳಿ ಬಂದ ಮೇಲೆ ಯಾರಿಗೂ ಹೋಗುವ ಮನಸ್ಸಿರಲಿಲ್ಲವೆಂದು ತಿಳಿಯುತ್ತದೆ. ಕೇಳಿದ ಮಾವನಿಗೂ ಇರಲಿಲ್ಲ. ಸ್ನೇಹದಲ್ಲಿ ಇದು ಇನ್ನೂ ಹೆಚ್ಚು: ಇನ್ನೊಬ್ಬನ ಖುಷಿ ಕೆಡಿಸಬಾರದೆಂದು ಇಬ್ಬರೂ ತಮ್ಮ ಅಳುಕನ್ನು ನುಂಗಿಕೊಳ್ಳುತ್ತಾರೆ, ಇಬ್ಬರೂ ಇನ್ನೊಬ್ಬನಿಗೆ ದಾರಿ ಗೊತ್ತಿದೆಯೆಂದು ನಂಬಿರುತ್ತಾರೆ. ಇಬ್ಬರಲ್ಲಿ ಒಬ್ಬ ಬೇಡವೆಂದರೂ ಕಾರಣ ಕೇಳದೆ ತಿರುಗುವುದೆಂಬ ಒಪ್ಪಂದ ಇದಕ್ಕೆ ಮದ್ದು. ದುಮುಕಿನ ಅಂಚಿನಲ್ಲಿ ನಾನು ಬೇಡ ಎಂದೆ. ಅವನು ಒಂದು ಕ್ಷಣ ಕೆಳಗಿನ ಮರಳನ್ನೇ ನೋಡಿ, ಸರಿ ನಡಿ, ಎಂದ. ಅವನಿಗೂ ಒಳಗೊಳಗೆ ಅಳುಕಿತ್ತೆಂದು ಹೇಳಿದ್ದು ಬುತ್ತಿ ಬಿಚ್ಚಿ ಕುಳಿತ ಮೇಲೆ.

ನಡಿಗೆಯ ವೇಗದಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಬೇಗ ನಡೆಯುವವನು ಮುಂದೆ ಹೋಗಿ ನೆರಳಿನಲ್ಲಿ ಕಾಯುತ್ತಾನೆ. ಹಿಂದಿನವನು ಬಂದು ಸೇರಿದ ಕೂಡಲೇ, ದಣಿವಾರಿದ ಅವನು ಎದ್ದು ಹೊರಡುತ್ತಾನೆ. ಹೀಗೆ ವಿಶ್ರಾಂತಿ ಬೇಕಾದವನಿಗೇ ವಿಶ್ರಾಂತಿ ಸಿಗುವುದಿಲ್ಲ. ನಿಧಾನದವನನ್ನು ಮುಂದೆ ಬಿಟ್ಟರೆ ಇದು ತಾನಾಗಿ ಸರಿಹೋಗುತ್ತದೆ.

ಮೇಲಿನಿಂದ ಇಳಿದವರಿಗೆ ಮರಳುವಾಗ ದಾರಿ ತಪ್ಪುವುದು ಸುಲಭವೆಂಬುದನ್ನೂ ಗಮನಿಸಬೇಕು. ಕಮರಿಗಳ ಜಾಲ ಮರದ ಆಕಾರದ್ದು. ಇಳಿಯುವಾಗ ಕೊಂಬೆಯಿಂದ ಕಾಂಡದ ಕಡೆಗೆ ಬರುತ್ತೇವೆ, ಆಯ್ಕೆಯೇ ಇಲ್ಲ, ಪಕ್ಕದಿಂದ ಬಂದು ಸೇರಿದ ಕವಲು ಎಷ್ಟೋ ಸಲ ಕಣ್ಣಿಗೂ ಬೀಳುವುದಿಲ್ಲ. ಹತ್ತುವಾಗ ಅದೇ ಜಾಗ ಎರಡು ಬಾಗಿಲಾಗಿ ಎದುರು ನಿಲ್ಲುತ್ತದೆ. ಬಂಡೆಗೋಡೆಗಳ ನಡುವೆ ಮೊಬೈಲಿನ ಜಿಪಿಎಸ್ ನಂಬಿಕೆಗೆ ಅರ್ಹವಲ್ಲ. ಕಾಣುವ ಆಕಾಶ ಕಡಿಮೆಯಾದ್ದರಿಂದ ಸಾಕಷ್ಟು ಉಪಗ್ರಹಗಳು ಸಿಗುವುದಿಲ್ಲ, ಸಿಕ್ಕವುಗಳ ಸಂಕೇತವೂ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ನಮ್ಮನ್ನು ಪಕ್ಕದ ಕಮರಿಯಲ್ಲಿ ತೋರಿಸಬಹುದು. ಇಳಿಯುವಾಗಲೇ ಪ್ರತಿ ಸಂಗಮದಲ್ಲಿ ತಿರುಗಿ ನಿಂತು, ಹತ್ತುವವನ ಕಣ್ಣಿನಿಂದ ಆ ನೋಟವನ್ನು ನೋಡಿ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ನನಗೆ ತಿಳಿದಂತೆ ಅತ್ಯಂತ ಅಗ್ಗದ ಉಪಾಯ. ನಾವು ಇಳಿಯುವಾಗ ಎರಡು ಕವಲುಗಳನ್ನು ಎಣಿಸಿದ್ದೆವು. ಹತ್ತುವಾಗ ಮೂರು ಸಿಕ್ಕವು. ಚಿತ್ರವಿಲ್ಲದ ಆ ಮೂರನೆಯದರಲ್ಲಿ ಮರಳಿನ ಮೇಲಿದ್ದ ನಮ್ಮದೇ ಬೂಟಿನ ಗುರುತು ದಾರಿ ಹೇಳಿತು.

ಕಮರಿಯ ತಳದಿಂದ ಮೊಬೈಲ್ ಕರೆ ಹೋಗುವುದಿಲ್ಲ ಎಂದೇ ತಿಳಿದು ಹೊರಡಬೇಕು. ಆದ್ದರಿಂದ ಮೂರನೆಯ ಒಬ್ಬರು, ಮೇಲೆ, ಸಿಗ್ನಲ್ ಇರುವ ಕಡೆ, ನಮ್ಮ ಮರಳುವ ಹೊತ್ತನ್ನು ತಿಳಿದಿರಬೇಕು. ಆರನ್ ರಾಲ್‌ಸ್ಟನ್‌ನ ಪ್ರಕರಣ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 2003ರ ಏಪ್ರಿಲ್ 26ರಂದು ಯೂಟಾದ ಬ್ಲೂಜಾನ್ ಕಮರಿಗೆ ಒಬ್ಬನೇ ಇಳಿದಿದ್ದಾಗ ಬಂಡೆಯೊಂದು ಜಾರಿ ಅವನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಅವನು ನುರಿತ ಆರೋಹಿ. ಆದರೆ ಎಲ್ಲಿಗೆ ಹೋಗುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಯಾರು ಎಲ್ಲಿ ಹುಡುಕಬೇಕೆಂಬುದೇ ತಿಳಿಯುವಂತಿರಲಿಲ್ಲ. ಐದು ದಿನಗಳ ನಂತರ ಮೊಂಡು ಚಾಕುವಿನಿಂದ ಮುಂಗೈ ಕತ್ತರಿಸಿಕೊಂಡು ಹೊರಬಂದ. ನಾವು ಹೊರಡುವಾಗ ಪಟ್ಟಣದಲ್ಲಿದ್ದ ಪರಿಚಿತರೊಬ್ಬರಿಗೆ ಕಳಿಸಿದ ಸಂದೇಶ ಮೂರು ಸಾಲಿನದು: ಕಾರು ನಿಲ್ಲಿಸಿದ ಜಾಗ, ಇಳಿಯುವ ಕಮರಿ, ಸಂಜೆ ಏಳರೊಳಗೆ ಸುದ್ದಿ ಬಾರದಿದ್ದರೆ ರಕ್ಷಣಾ ತಂಡಕ್ಕೆ ತಿಳಿಸಬೇಕೆಂಬ ಕೋರಿಕೆ. ನಾಲ್ಕಕ್ಕೆ ಮರಳುವವರು ಏಳು ಎಂದು ಬರೆದದ್ದು, ಒಂದು ಕವಲು ತಪ್ಪಿದ್ದಕ್ಕೆ ಹೆಲಿಕಾಪ್ಟರ್ ಹಾರುವಂತಾಗದಿರಲಿ ಎಂದು.

ಹತ್ತುವ ದಾರಿ ಲೆಕ್ಕಕ್ಕಿಂತ ಬೇಗ ಮುಗಿಯಿತು, ದುಮುಕು ನಮ್ಮನ್ನು ಮೊದಲೇ ತಿರುಗಿಸಿದ್ದರಿಂದ. ಆದರೂ ಕೊನೆಯ ಕಿಲೋಮೀಟರಿನಲ್ಲಿ ನೆರಳಿರಲಿಲ್ಲ, ಗೆಳೆಯ ಮಾತು ನಿಲ್ಲಿಸಿದ್ದ. ಅವನಂಥ ಮಾತುಗಾರ ಸುಮ್ಮನಾದದ್ದೇ ಒಂದು ಲಕ್ಷಣವೆಂದು ನಾನು ಅವನನ್ನು ಬಂಡೆಯೊಂದರ ಮರೆಯಲ್ಲಿ ಹತ್ತು ನಿಮಿಷ ಕೂರಿಸಿ, ಉಪ್ಪುಕಡಲೆ ಕೊಟ್ಟು, ಕುತ್ತಿಗೆಯ ಬಟ್ಟೆ ಒದ್ದೆ ಮಾಡಿದೆ. ತಲಾ ನಾಲ್ಕು ಲೀಟರ್ ಹೊತ್ತಿದ್ದೆವು, ನನ್ನದರಲ್ಲಿ ಅರ್ಧ ಲೀಟರ್ ಉಳಿದಿತ್ತು, ಅವನದು ಖಾಲಿ. ಮೂರು ಗಂಟೆ ಹತ್ತು ನಿಮಿಷಕ್ಕೆ ಕಾರಿನ ಬಳಿ ಬಂದು, ಸೀಟಿನ ಕೆಳಗೆ ಬೇಕೆಂದೇ ಬಿಟ್ಟುಹೋಗಿದ್ದ ಐದು ಲೀಟರಿನ ಡಬ್ಬಿ ತೆಗೆದೆವು; ನೀರು ಕಷಾಯದಂತೆ ಬಿಸಿಯಾಗಿತ್ತು. ಅವನು ಬೂಟು ಕಳಚಿ ಮರಳು ಸುರಿಯುತ್ತ, ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕಿದ. ಅಲ್ಲಿ ಸಿಗಲಿಲ್ಲ. ಮಣ್ಣಿನ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಹಿಂದಕ್ಕೆ ಬಂದು, ದಿಬ್ಬವೊಂದರ ಮೇಲೆ ಕಾರು ನಿಲ್ಲಿಸಿದಾಗ ಸಂದೇಶ ಹೋಯಿತು: ಬಂದಿದ್ದೇವೆ, ಇಬ್ಬರೂ.